ಬಸ್ರೂರಿನ ಹಳೆಯ ಬಂದರನ್ನು ನೋಡುವುದು ಹೇಗೆ? ಹೊಳೆಯಿಂದ ಶುರುಮಾಡುವ ಎರಡು ದಿನದ ಸಮಗ್ರ ಮಾರ್ಗದರ್ಶಿ

ಮೊದಲ ಸಲ ಬಸ್ರೂರಿಗೆ ಹೋದಾಗ ಮಧ್ಯಾಹ್ನ ಹನ್ನೆರಡೂವರೆಗೆ ಬಸ್ಸಿನಿಂದ ಇಳಿದಿದ್ದೆ. ದೇವಸ್ಥಾನಗಳ ಬಾಗಿಲು ಹಾಕಿತ್ತು. ಬಿಸಿಲು ಸುಡುತ್ತಿತ್ತು. ಕಣ್ಣಿಗೆ ಬಿದ್ದದ್ದು ಒಂದು ರಸ್ತೆ, ಕೆಲವು ಅಂಗಡಿ, ತೆಂಗಿನ ತೋಟ. ಅಂಗಡಿ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು, "ಹ್ವಾಯ್, ಇಲ್ಲ್ ಕಾಂಬುಕೆ ಎಂತ ಇತ್ತ್ ಮರಾಯ್ರೆ?" ಎಂದು, ಅಂದರೆ ಇಲ್ಲಿ ನೋಡಲು ಏನಿದೆ ಎಂದು, ಪ್ರೀತಿಯಿಂದಲೇ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಒಂದು ಗಂಟೆಯಲ್ಲಿ ವಾಪಸ್ ಹೊರಟೆ.

ಎರಡನೇ ಸಲ ಬೆಳಿಗ್ಗೆ ಆರೂವರೆಗೆ ಹೋದೆ, ಸೀದಾ ಹೊಳೆ ದಡಕ್ಕೆ. ಆವತ್ತು ಊರು ಬೇರೆಯೇ ಕಂಡಿತು. ಬಸ್ರೂರಿಗೆ ಬರುತ್ತಿದ್ದ ವ್ಯಾಪಾರಿಗಳು ಹೆದ್ದಾರಿಯಿಂದ ಬಂದವರಲ್ಲ ನೋಡಿ, ಹೊಳೆಯಿಂದ ಬಂದವರು. ಅವರು ಬಂದ ದಿಕ್ಕಿನಿಂದಲೇ ನಾವೂ ಊರನ್ನು ನೋಡಬೇಕು. ಈ ಮಾರ್ಗದರ್ಶಿ ಪೂರ್ತಿ ಆ ಒಂದು ಮಾತಿನ ಮೇಲೆ ನಿಂತಿದೆ.

ಹೋಗುವ ಮೊದಲು ಇಷ್ಟು ತಿಳಿದಿರಲಿ

ಬಸ್ರೂರು ಉಡುಪಿ ಜಿಲ್ಲೆಯ ಕುಂದಾಪುರ ತಾಲೂಕಿನಲ್ಲಿದೆ. ಕುಂದಾಪುರ ಪೇಟೆಯಿಂದ ಪೂರ್ವಕ್ಕೆ ಆರೇಳು ಕಿಲೋಮೀಟರ್, ವಾರಾಹಿ ಹೊಳೆಯ ದಡದಲ್ಲಿ. ಹಳೆಯ ಹೆಸರು ವಸುಪುರ. ಈ ಕರಾವಳಿಯನ್ನು ಆಳಿದ ಅಳುಪರ ಕಾಲದಲ್ಲಿ, ಆಮೇಲೆ ವಿಜಯನಗರದ ಕಾಲದಲ್ಲಿ ಇದು ಕರಾವಳಿಯ ದೊಡ್ಡ ವ್ಯಾಪಾರದ ಊರು. ಪೋರ್ಚುಗೀಸರ ಬಾಯಲ್ಲಿ ಇದು ಬಾರ್ಸೆಲೋರ್ ಆಯಿತು. ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ 14ನೇ ಶತಮಾನದ ನಡುವೆ ಹೊನ್ನಾವರದಿಂದ ದಕ್ಷಿಣಕ್ಕೆ ಹೋಗುತ್ತಾ ಮೊದಲು ತಲುಪಿದ್ದು ಈ ಊರನ್ನೇ. ಅಬೂ ಸರೂರ್ ಎಂದು ಹೆಸರು ಬರೆದುಕೊಂಡ. ದೊಡ್ಡ ಹೊಳೆಬಾಯಿಯ ಪಕ್ಕದ ಸಣ್ಣ ಊರು, ತುಂಬಾ ತೆಂಗಿನ ಮರಗಳಿವೆ ಎಂದ. ತೆಂಗಿನ ಮರಗಳ ವಿಷಯದಲ್ಲಿ ಅವನ ಮಾತು ಈಗಲೂ ಸರಿ.

ಇಲ್ಲಿಂದ ಹೊರಗೆ ಹೋಗುತ್ತಿದ್ದ ಮುಖ್ಯ ಸರಕು ಏನು ಗೊತ್ತಾ? ಅಕ್ಕಿ. ಕರಾವಳಿ ವ್ಯಾಪಾರ ಎಂದರೆ ನಮಗೆ ಕೂಡಲೇ ಕಾಳುಮೆಣಸು ನೆನಪಾಗುತ್ತದೆ. ಮೆಣಸೂ ಘಟ್ಟದಿಂದ ಇಳಿಯುತ್ತಿತ್ತು, ನಿಜ. ಆದರೆ ಬಸ್ರೂರಿನ ಬಲ ಅಕ್ಕಿಯಲ್ಲಿತ್ತು. ಮಲಬಾರಿನ ಊರುಗಳಿಗೆ ತಿನ್ನಲು ಅಕ್ಕಿ ಸಾಲುತ್ತಿರಲಿಲ್ಲ. ಹೊರ್ಮುಜ್, ಏಡನ್ ಕಡೆಯ ಒಣ ನಾಡಿಗೂ ಅಕ್ಕಿ ಬೇಕಿತ್ತು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರ ಹೊಟ್ಟೆ ತುಂಬಿಸಿದ್ದೂ ಕೆನರಾದ, ಅಂದರೆ ಈ ಕರಾವಳಿಯ, ಅಕ್ಕಿಯೇ. ಬಿದನೂರಿನ ಕಡೆಯ ಘಟ್ಟದ ದಾರಿ, ಕೆಳಗಿನ ಗದ್ದೆಗಳು, ಹೊಳೆ, ಕಡಲು. ಈ ನಾಲ್ಕೂ ಸೇರುವ ಜಾಗ ಬಸ್ರೂರು.

ಊರನ್ನು ನಡೆಸುತ್ತಿದ್ದವರು ಸೆಟ್ಟಿಗಳು. ದೂರದ ರಾಜನಿಗೆ ಕಪ್ಪ ಕೊಡುತ್ತಿದ್ದರು, ಊರಿನ ಕೆಲಸ ತಾವೇ ನೋಡಿಕೊಳ್ಳುತ್ತಿದ್ದರು. 1569ರಲ್ಲಿ ಪೋರ್ಚುಗೀಸ್ ವೈಸರಾಯ್ ಲೂಯಿಸ್ ದ ಅತಾಯಿದೆ ಇಲ್ಲಿಗೆ ಪಡೆ ತಂದ. ಹೊಳೆಬಾಯಿಯ ಹತ್ತಿರ ಕೋಟೆ ಎದ್ದಿತು. ಅಲ್ಲಿಂದ ಮುಂದೆ ಪೋರ್ಚುಗೀಸರ ಕಾಗದಗಳಲ್ಲಿ ಎರಡು ಬಾರ್ಸೆಲೋರ್ ಇವೆ. ಮೇಲಿನದು ಸೆಟ್ಟಿಗಳ ಊರು, ಅಂದರೆ ನಮ್ಮ ಬಸ್ರೂರು. ಕೆಳಗಿನದು ಅಳಿವೆ, ಅಂದರೆ ಹೊಳೆಬಾಯಿ, ಹತ್ತಿರದ ಕೋಟೆ. ಈ "ಮೇಲೆ–ಕೆಳಗೆ" ಲೆಕ್ಕ ನೆನಪಿಡಿ, ಮೊದಲ ದಿನದ ತಿರುಗಾಟ ಪೂರ್ತಿ ಇದರ ಮೇಲೆಯೇ ಇದೆ. 1650ರ ದಶಕದ ಶುರುವಿನಲ್ಲಿ ಕೆಳದಿಯ ಶಿವಪ್ಪ ನಾಯಕ ಪೋರ್ಚುಗೀಸರನ್ನು ಇಲ್ಲಿಂದ ಓಡಿಸಿದ. 1665ರ ಫೆಬ್ರವರಿಯಲ್ಲಿ ಶಿವಾಜಿ ಮಾಲ್ವಣದಿಂದ ಕಡಲ ಮೇಲೆ ಬಂದು ಬಸ್ರೂರನ್ನು ಲೂಟಿ ಮಾಡಿದ. ಹಿಂತಿರುಗುವಾಗ ಗೋಕರ್ಣದಲ್ಲಿ ಇಳಿದು ಕಾರವಾರದ ಕಡೆ ಸಾಗಿದ. ಅಷ್ಟು ದೂರದಿಂದ ಹಡಗು ಕಟ್ಟಿಕೊಂಡು ಬರಬೇಕಾದರೆ ಈ ಊರಿನಲ್ಲಿ ಎಷ್ಟು ಸಂಪತ್ತು ಇದ್ದಿರಬೇಕು, ಅಲ್ವಾ?

ದಿನ ಆರಿಸಿಕೊಳ್ಳುವುದು

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಸೆಕೆ ಕಡಿಮೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ನನಗೆ ಜಾಸ್ತಿ ಇಷ್ಟ. ಹಡಗುಗಳ ಕಾಲವೂ ಇದೇ. ಮಳೆಗಾಲದಲ್ಲಿ ಈ ಕಡಲಿನಲ್ಲಿ ಯಾರೂ ಹಾಯಿ ಬಿಚ್ಚುತ್ತಿರಲಿಲ್ಲ. ಮಳೆ ಇಳಿದ ಮೇಲೆ ಕಾರ್ತಿ ಬೆಳೆ, ಅಂದರೆ ಮಳೆಗಾಲದ ಭತ್ತ, ಕೊಯ್ದು, ಬಡಿದು, ಅಕ್ಕಿ ಮಾಡಿ, ಹುಲ್ಲಿನ ಮುಡಿ ಕಟ್ಟುವ ಹೊತ್ತಿಗೆ ಗಾಳಿ ಈಶಾನ್ಯದಿಂದ ಬೀಸಲು ಶುರುವಾಗುತ್ತದೆ. ಅದು ಹಡಗನ್ನು ಅರಬ್ಬರ ನಾಡಿಗೆ ತಳ್ಳುವ ಗಾಳಿ. ಡಿಸೆಂಬರಿನಲ್ಲಿ ಹೋದರೆ ಕೊಯ್ದ ಗದ್ದೆಯ ವಾಸನೆ, ಹುಲ್ಲಿನ ಕುತ್ತರಿ, ತಿಳಿ ಆಕಾಶ ಎಲ್ಲ ಸಿಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಹಸಿರು ಚಂದ, ಆದರೆ ಕಲ್ಲುಗಳ ಮೇಲೆ ಪಾಚಿ, ಶಾಸನ ಕಾಣುವುದಿಲ್ಲ, ಹೊಳೆ ದಡ ಜಾರುತ್ತದೆ.

ತಿಂಗಳು ಗೊತ್ತುಮಾಡಿದ ಮೇಲೆ ಭರತ–ಇಳಿತದ ಹೊತ್ತು ನೋಡಿ. ತುಂಬಾ ಜನ ಇದನ್ನು ಬಿಟ್ಟುಬಿಡುತ್ತಾರೆ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಮೊಬೈಲಿನಲ್ಲಿ ಮಲ್ಪೆ ಅಥವಾ ಕುಂದಾಪುರದ ಭರತದ ವೇಳೆ ಹುಡುಕಿದರೆ ಸಿಗುತ್ತದೆ. ಬೆಳಿಗ್ಗೆ ಏಳರಿಂದ ಒಂಬತ್ತರ ನಡುವೆ ನೀರು ಏರುತ್ತಿರುವ ದಿನವನ್ನೇ ಆರಿಸಿ. ಕಡಲಿನ ಬಾಯಲ್ಲಿ ಏರಿದ ನೀರು ಹೊಳೆಯೊಳಗೆ ಬಸ್ರೂರಿನವರೆಗೆ ಬರಲು ಸ್ವಲ್ಪ ತಡ ಆಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಹುಣ್ಣಿಮೆ, ಅಮಾವಾಸ್ಯೆಯ ಆಚೀಚೆ ಏರಿಳಿತ ಜಾಸ್ತಿ, ನೋಡಲು ಚೆನ್ನ.

ತಲುಪುವುದು

ಬೆಂಗಳೂರಿನಿಂದ ಬರುವವರಿಗೆ ನನ್ನ ಸಲಹೆ ರಾತ್ರಿಯ ಪಂಚಗಂಗಾ ಎಕ್ಸ್‌ಪ್ರೆಸ್. ಬೆಂಗಳೂರು–ಕಾರವಾರ ರೈಲು, ಕುಂದಾಪುರದಲ್ಲಿ ನಿಲ್ಲುತ್ತದೆ. ಹೆಸರು ನೋಡಿ: ಸೌಪರ್ಣಿಕಾ, ವಾರಾಹಿ, ಚಕ್ರಾ, ಕೇದಕ, ಕುಬ್ಜಾ ಎಂಬ ಐದು ಹೊಳೆಗಳು ಸೇರಿ ಗಂಗೊಳ್ಳಿಯಲ್ಲಿ ಕಡಲಿಗೆ ಬೀಳುತ್ತವೆ, ಆ ಪಂಚಗಂಗಾವಳಿಯ ಹೆಸರು ಅದು. ಬಸ್ರೂರನ್ನು ಬೆಳೆಸಿದ ನೀರಿನ ಹೆಸರು ಹೊತ್ತ ರೈಲಿನಲ್ಲೇ ಬಂದ ಹಾಗಾಯಿತು. ಕುಂದಾಪುರದ ರೈಲು ನಿಲ್ದಾಣ ಇರುವುದು ಪೇಟೆಯೊಳಗಲ್ಲ, ಮೂಡ್ಲಕಟ್ಟೆಯಲ್ಲಿ. ಅದು ಬಸ್ರೂರಿನ ಬದಿಗೇ ಇದೆ. ಹಾಗಾಗಿ ಪೇಟೆಗೆ ಹೋಗಿ ವಾಪಸ್ ಬರುವ ಕೆಲಸ ಇಲ್ಲ, ಅಲ್ಲಿಂದಲೇ ರಿಕ್ಷಾ ಹಿಡಿಯಬಹುದು. ಬೆಳಗಿನ ಭರತಕ್ಕೆ ಸರಿಯಾಗಿ ನಿಲ್ಲಬೇಕೆಂದರೆ ಹಿಂದಿನ ದಿನವೇ ಬಂದು ಕುಂದಾಪುರದಲ್ಲಿ ಉಳಿಯುವುದು ಒಳ್ಳೆಯದು. ರೈಲು ತಡವಾದರೂ ನೀರು ಕಾಯುವುದಿಲ್ಲ.

ಬಸ್ಸಿನಲ್ಲಿ ಬರುವವರು ಹೆದ್ದಾರಿ 66ರಲ್ಲಿ "ಬಸ್ರೂರು ಮೂರ್ಕೈ" ಎಂದು ಕೇಳಿ ಇಳಿಯಿರಿ. ಮೂರು ರಸ್ತೆ ಕೂಡುವ ಜಾಗಕ್ಕೆ ಇಲ್ಲಿ ಮೂರ್ಕೈ ಎನ್ನುತ್ತಾರೆ. ಅಲ್ಲಿಂದ ಕಂಡ್ಲೂರು, ಸಿದ್ದಾಪುರ ಕಡೆಯ ಬಸ್ಸು ಬಸ್ರೂರಿನ ಮೇಲೆ ಹೋಗುತ್ತದೆ. ವಿಮಾನದವರಿಗೆ ಮಂಗಳೂರು, ಅಲ್ಲಿಂದ ಸುಮಾರು 100 ಕಿ.ಮೀ.

ಚೀಲದಲ್ಲಿ ನೀರು, ಟೋಪಿ, ನೋಟುಬುಕ್ಕು, ಸಣ್ಣ ಟಾರ್ಚು ಇರಲಿ. ಟಾರ್ಚು ಯಾಕೆ ಎಂದು ಮುಂದೆ ಹೇಳುತ್ತೇನೆ.

ಹೊಳೆಯಿಂದ ಶುರು

ಮೊದಲು ಕಂಡ್ಲೂರು ಸೇತುವೆಗೆ ಹೋಗಿ. ಬಸ್ರೂರಿನಿಂದ ಸ್ವಲ್ಪ ಪೂರ್ವಕ್ಕೆ ವಾರಾಹಿಯನ್ನು ದಾಟುವ ಸೇತುವೆ ಅದು. ವಾಹನಗಳಿಗೆ ಜಾಗ ಬಿಟ್ಟು ಬದಿಗೆ ನಿಂತು ಪಶ್ಚಿಮಕ್ಕೆ ನೋಡಿ. ಅಗಲವಾದ ನೀರು, ನಡುವೆ ಕುದ್ರುಗಳು, ಎರಡೂ ಬದಿ ತೆಂಗು. ಕುದ್ರು ಎಂದರೆ ಹೊಳೆ ನಡುವಿನ ದ್ವೀಪ.

ಈಗ ನೀರನ್ನೇ ನೋಡಿ. ತೇಲುವ ಎಲೆಯೋ ತೆಂಗಿನ ಸಿಪ್ಪೆಯೋ ಕಂಡರೆ ಅದರ ಮೇಲೆ ಕಣ್ಣಿಡಿ. ಭರತದ ಹೊತ್ತಿನಲ್ಲಿ ಅದು ಕಡಲಿನ ಕಡೆ ಹೋಗುವುದಿಲ್ಲ, ಘಟ್ಟದ ಕಡೆ ತೇಲುತ್ತದೆ! ಹೊಳೆ ಹಿಮ್ಮುಖ ಹರಿಯುವುದನ್ನು ಮೊದಲ ಸಲ ನೋಡಿದಾಗ ನಾನು ಅರ್ಧ ಗಂಟೆ ಅಲ್ಲೇ ನಿಂತುಬಿಟ್ಟೆ. ಊರು ಕಡಲಿನಿಂದ ಇಷ್ಟು ಒಳಗೆ ಯಾಕಿದೆ ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ತೇಲುತ್ತಿತ್ತು. ಭರತದ ನೀರು ದೋಣಿಯನ್ನು ಪುಕ್ಕಟೆಯಾಗಿ ಒಳಗೆ ತರುತ್ತದೆ. ಇಳಿತದ ನೀರು ಅಕ್ಕಿ ತುಂಬಿದ ದೋಣಿಯನ್ನು ಪುಕ್ಕಟೆಯಾಗಿ ಹೊರಗೆ ಒಯ್ಯುತ್ತದೆ. ಹೊತ್ತು ಗೊತ್ತಿದ್ದರೆ ಸಾಕು.

ಇನ್ನೂ ಕಾರಣಗಳಿವೆ. ಅಳಿವೆಯಲ್ಲಿ ಹೊಯ್ಗೆ, ಅಂದರೆ ಮರಳು, ತುಂಬಿ ದಿಬ್ಬ ಏಳುತ್ತದೆ, ದಾರಿ ವರ್ಷ ವರ್ಷವೂ ಬದಲಾಗುತ್ತದೆ. ಅದು ಗೊತ್ತಿಲ್ಲದ ಶತ್ರು ಒಳಗೆ ನುಗ್ಗುವುದು ಕಷ್ಟ. ದೊಡ್ಡ ಹಡಗು ಹೊರಗೆ ಲಂಗರು ಹಾಕಬೇಕು, ಸಣ್ಣ ದೋಣಿಗಳು ಸರಕು ಸಾಗಿಸಬೇಕು. ಆ ದೋಣಿಗಳು ಯಾರ ಕೈಯಲ್ಲಿವೆಯೋ ವ್ಯಾಪಾರದ ಕೀಲಿ ಅವರ ಕೈಯಲ್ಲಿ. ಜೊತೆಗೆ ಮೇಲಿನಿಂದ ಬರುವ ಭತ್ತ, ಅಕ್ಕಿ, ಮೆಣಸಿಗೆ ಈ ಜಾಗ ಹತ್ತಿರ.

ಸೇತುವೆಯಿಂದ ಇಳಿದು ಬಸ್ರೂರಿಗೆ ಬನ್ನಿ, ಹೊಳೆ ದಡದವರೆಗೆ ಇಳಿಯುವ ಯಾವುದಾದರೂ ಓಣಿ ಹಿಡಿಯಿರಿ. ಮನೆಗಳ ಅಂಗಳದ ಮೂಲಕ ಹೋಗಬೇಕಾದರೆ ಕೇಳಿಯೇ ಹೋಗಿ. ದಡದಲ್ಲಿ ಕೆಂಪು ಮುರಕಲ್ಲಿನ ಕಟ್ಟೆ, ನೀರಿಗೆ ಇಳಿಯುವ ಮೆಟ್ಟಿಲು, ಒಡೆದ ಹೆಂಚು, ಮಡಕೆ ಚೂರು ಇದೆಯೇ ನೋಡಿ. ಎಲ್ಲವೂ ಹಳೆಯದು ಎಂದು ತಿಳಿಯಬೇಡಿ, ಹೆಂಚು ನಿನ್ನೆ ಮೊನ್ನೆಯದೂ ಆಗಿರಬಹುದು. ಏನನ್ನೂ ಚೀಲಕ್ಕೆ ಹಾಕಬೇಡಿ. ಮಡಕೆ ಚೂರು ಬಿದ್ದ ಜಾಗದಲ್ಲಿ ಇದ್ದರೆ ಮಾತ್ರ ಅದಕ್ಕೆ ಅರ್ಥ. ನೀರಿಗಂತೂ ಇಳಿಯಲೇಬೇಡಿ. ಮರಳು ತೆಗೆದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ.

ಕೇರಿಗಳಲ್ಲಿ ನಡೆಯುವುದು

ಹಳೆಯ ಬಸ್ರೂರಿಗೆ ಎರಡು ಮುಖ್ಯ ಭಾಗ: ಮೂಡುಕೇರಿ ಮತ್ತು ಪಡುವಕೇರಿ. ಮೂಡು ಎಂದರೆ ಪೂರ್ವ, ಪಡು ಎಂದರೆ ಪಶ್ಚಿಮ. ಶಾಸನಗಳಲ್ಲಿ ಈ ಹೆಸರುಗಳಿವೆ. ಆ ಕೇರಿಗಳ ಜನ ಸೇರಿ ತೀರ್ಮಾನ ಮಾಡುತ್ತಿದ್ದರು. "ಹಲರು" ಎಂಬ ಪದ ಬರುತ್ತದೆ. ಹಲವರು, ಅಂದರೆ ಊರಿನ ಸಭೆ. ಎಷ್ಟು ಸರಳವಾದ ಹೆಸರು!

ಇಲ್ಲಿ ಕಾರು ಬೇಡ. ನಡೆಯಿರಿ. ನಕಾಶೆಯಲ್ಲಿ ಇರುವ ಹೆಸರಿಗಿಂತ ಜನ ಹೇಳುವ ಹೆಸರು ಮುಖ್ಯ. ಬಾವಿ ಕಟ್ಟೆ ಹತ್ತಿರ, ಅಂಗಡಿಯಲ್ಲಿ ಕೇಳಿ: ಈ ಓಣಿಗೆ ಏನು ಹೇಳುತ್ತೀರಿ? ಈ ಗದ್ದೆಗೆ ಏನು ಹೆಸರು? ದೋಣಿ ಎಲ್ಲಿ ಬಂದು ನಿಲ್ಲುತ್ತಿತ್ತು? ವಯಸ್ಸಾದವರಿಗೆ ಮೂರನೇ ಪ್ರಶ್ನೆ ತುಂಬಾ ಇಷ್ಟ. ಸೇತುವೆ, ರಸ್ತೆ ಬರುವ ಮೊದಲು ದೋಣಿಯಲ್ಲೇ ಓಡಾಟ ಇತ್ತಲ್ಲ, ಅದರ ನೆನಪು ಮನೆಗಳಲ್ಲಿ ಇನ್ನೂ ಇದೆ. ಹೇಳಿದ್ದನ್ನು ಆಗಲೇ ಬರೆದುಕೊಳ್ಳಿ, ಅವರು ಉಚ್ಚರಿಸಿದ ಹಾಗೆಯೇ. ಇಲ್ಲಿಯ ಆಡುಮಾತಾದ ಕುಂದಗನ್ನಡದ ಹೆಸರನ್ನು ನಾವು ತಿದ್ದಿ ಪುಸ್ತಕದ ಕನ್ನಡ ಮಾಡಿದರೆ ಅದರ ಸುಳಿವು ಹೋಗಿಬಿಡುತ್ತದೆ.

ಸರ್ಕಾರದ ದಿಶಾಂಕ್ ಆ್ಯಪ್ ಮೊಬೈಲಿನಲ್ಲಿ ಇದ್ದರೆ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಕೇಳಿದ ಹೆಸರಿನ ಪಕ್ಕ ಅದನ್ನೂ ಬರೆದಿಟ್ಟರೆ ಮುಂದಿನ ಸಲ ಅದೇ ಜಾಗಕ್ಕೆ ಬರಬಹುದು.

ದೇವಸ್ಥಾನಗಳು: ವ್ಯಾಪಾರಿಗಳ ಗುರುತು ಇಲ್ಲಿದೆ

ಗೋದಾಮು ಬಿದ್ದುಹೋಗುತ್ತದೆ, ಮನೆ ಬಿದ್ದುಹೋಗುತ್ತದೆ. ದೇವರ ಮನೆಯನ್ನು ಜನ ಮತ್ತೆ ಮತ್ತೆ ಕಟ್ಟುತ್ತಾರೆ. ಹಾಗಾಗಿ ಬಂದರಿನ ನೆನಪು ಹೆಚ್ಚು ಉಳಿದಿರುವುದು ದೇವಸ್ಥಾನಗಳಲ್ಲಿ.

ಮಹಾಲಿಂಗೇಶ್ವರ ದೇವಸ್ಥಾನದಿಂದ ಶುರುಮಾಡಿ. ಊರಿನ ದೊಡ್ಡ ದೇವಸ್ಥಾನ ಅದು. ಬೆಳಿಗ್ಗೆ ಹೋಗಿ, ಮಧ್ಯಾಹ್ನ ಬಾಗಿಲು ಹಾಕಿರುತ್ತದೆ, ನನಗೆ ಆದ ಹಾಗೆ ಆದೀತು. ಕರಾವಳಿಯ ರೂಢಿಯಂತೆ ಗಂಡಸರು ಒಳಗೆ ಹೋಗುವಾಗ ಅಂಗಿ ತೆಗೆಯಬೇಕಾಗಬಹುದು. ಕ್ಯಾಮೆರಾ ತೆಗೆಯುವ ಮೊದಲು ಭಟ್ಟರನ್ನು ಕೇಳಿ.

ನಖರೇಶ್ವರ ದೇವಸ್ಥಾನದ ಹೆಸರಿನಲ್ಲೇ ಒಂದು ಕಥೆ ಇದೆ. ನಖರ ಎಂದರೆ ವ್ಯಾಪಾರಿಗಳ ಸಂಘ. ನಖರದವರ ಈಶ್ವರ, ನಖರೇಶ್ವರ. ಬಂಕಾಪುರದಲ್ಲಿ ನಗರೇಶ್ವರ ಎಂಬ ಹೆಸರಿನ ದೇವಸ್ಥಾನವಿದೆ, ಅದೂ ಇದೇ ಬಳಗದ ಹೆಸರು. ಒಳನಾಡಿನ ಸಂತೆಗಳಿಗೂ ಈ ಹೊಳೆ ದಡಕ್ಕೂ ನಂಟು ಎಷ್ಟು ಹಳೆಯದು ಎಂದು ಈ ಒಂದೇ ಪದ ಹೇಳುತ್ತದೆ. ಸಂಘದವರು ಇಲ್ಲಿ ಪೂಜೆಗೆ ಮಾತ್ರ ಸೇರುತ್ತಿರಲಿಲ್ಲ. ದೇವರ ಎದುರು ಮಾತು ಕೊಟ್ಟರೆ ಅದು ಮುರಿಯದ ಕರಾರು. ಆ ದೃಷ್ಟಿಯಿಂದ ಅಂಗಳವನ್ನು ಒಮ್ಮೆ ನೋಡಿ.

ತುಳುವೇಶ್ವರನ ಹತ್ತಿರ ಸುಮ್ನೆ ಕೂತುಕೊಳ್ಳಿ. ಇಲ್ಲಿ ಗುಡಿಯ ಕೆಲಸವನ್ನು ಮರವೇ ವಹಿಸಿಕೊಂಡಿದೆ. ಬೇರುಗಳು ಇಳಿದು ಗೋಡೆಯಾಗಿವೆ, ಒಳಗೆ ಲಿಂಗ. ಕನ್ನಡ ಮಾತನಾಡುವ ಊರಿನಲ್ಲಿ ತುಳುವರ ಹೆಸರಿನ ದೇವರು ಇರುವುದೂ ಗಮನಿಸಬೇಕಾದ್ದೇ, ಭಾಷೆಗಳ ಗಡಿ ಇಲ್ಲಿ ಯಾವತ್ತೂ ಗೆರೆ ಎಳೆದ ಹಾಗೆ ಇರಲಿಲ್ಲ. ಬೇರಿನ ಮೇಲೆ ಹತ್ತಬೇಡಿ, ಕೈಯಿಂದ ಎಳೆಯಬೇಡಿ. ಮಕ್ಕಳು ಜೊತೆಗಿದ್ದರೆ ಮೊದಲೇ ಹೇಳಿಡಿ. ಬೇರು ಕಲ್ಲನ್ನು ಒಡೆಯುತ್ತದೆ, ಅದೇ ಬೇರು ಕಲ್ಲನ್ನು ಹಿಡಿದೂ ನಿಲ್ಲಿಸಿದೆ. ಒಂದನ್ನು ಕಿತ್ತರೆ ಇನ್ನೊಂದು ಉಳಿಯುವುದಿಲ್ಲ.

ಹಿಂದೂ ವ್ಯಾಪಾರಿಗಳಷ್ಟೇ ಇಲ್ಲಿ ಇದ್ದವರಲ್ಲ. "ಹಂಜಮಾನ" ಎಂಬ ಪದ ಬಸ್ರೂರು, ಬಾರ್ಕೂರು, ಭಟ್ಕಳ ಕಡೆಯ ಶಾಸನಗಳಲ್ಲಿ ಬರುತ್ತದೆ. ಕಡಲಾಚೆಯಿಂದ ಬಂದು ನೆಲೆಸಿದ ವ್ಯಾಪಾರಿಗಳ, ಮುಖ್ಯವಾಗಿ ಮುಸ್ಲಿಂ ವ್ಯಾಪಾರಿಗಳ ಸಂಘ ಅದು. ನಖರ, ಹಂಜಮಾನ ಎರಡೂ ಇದೇ ಶಾಸನಗಳ ಲೋಕದಲ್ಲಿ ಬದುಕಿದ್ದವು. ಹಾಗಾಗಿ ಊರಿನ ಸುತ್ತಲಿನ ಹಳೆಯ ಮಸೀದಿಗಳನ್ನೂ ನಿಮ್ಮ ಪಟ್ಟಿಗೆ ಸೇರಿಸಿ. ನಮಾಜಿನ ಹೊತ್ತು ಬಿಟ್ಟು ಹೋಗಿ, ಹೊರಗೆ ನಿಂತು ಹಿರಿಯರನ್ನು ಮಾತನಾಡಿಸಿ.

ಶಾಸನವನ್ನು ಓದುವುದು ಹೇಗೆ

ಇದಕ್ಕೆ ಹೆಚ್ಚು ಹೊತ್ತು ಇಟ್ಟುಕೊಳ್ಳಿ. ಬಸ್ರೂರು, ಬಾರ್ಕೂರಿನಲ್ಲಿ ದೇವಸ್ಥಾನದ ಅಂಗಳದಲ್ಲಿ, ಗೋಡೆ ಪಕ್ಕದಲ್ಲಿ, ಕೆಲವು ಕಡೆ ಗದ್ದೆ ಅಂಚಿನಲ್ಲಿ ಎತ್ತರದ ಕಲ್ಲು ಹಲಗೆಗಳು ನಿಂತಿವೆ. ದೂರದಿಂದ ಬರೀ ಕಲ್ಲು. ಹತ್ತಿರ ಹೋದರೆ ಸಾಲು ಸಾಲು ಕನ್ನಡ.

ಮೊದಲು ತುದಿ ನೋಡಿ. ಸೂರ್ಯ, ಚಂದ್ರ ಇರುತ್ತಾರೆ. ಅವರು ಇರುವವರೆಗೂ ಈ ದಾನ ಇರಲಿ ಎಂಬ ಅರ್ಥ. ನಡುವೆ ಲಿಂಗ, ಪಕ್ಕದಲ್ಲಿ ಹಸು ಕರು, ಪೂಜಿಸುವ ವ್ಯಕ್ತಿ. ಜೈನರ ಶಾಸನವಾದರೆ ಕುಳಿತ ಜಿನ.

ಆಮೇಲೆ ಟಾರ್ಚು. ಕಲ್ಲಿಗೆ ಎದುರಿನಿಂದ ಬೆಳಕು ಬಿಟ್ಟರೆ ಏನೂ ಕಾಣುವುದಿಲ್ಲ. ಕಲ್ಲಿನ ಒಂದು ಅಂಚಿಗೆ ಟಾರ್ಚನ್ನು ತಾಗಿದಂತೆ ಹಿಡಿದು ಅಡ್ಡಕ್ಕೆ ಬೆಳಕು ಬಿಡಿ. ಕೊರೆದ ಗೆರೆಗಳಲ್ಲಿ ನೆರಳು ಕೂರುತ್ತದೆ, ಅಕ್ಷರ ಎದ್ದು ನಿಲ್ಲುತ್ತದೆ. ಬೆಳಿಗ್ಗೆ ಎಂಟರೊಳಗೆ, ಸಂಜೆ ಐದರ ಮೇಲೆ ಸೂರ್ಯನೇ ಈ ಕೆಲಸ ಮಾಡಿಕೊಡುತ್ತಾನೆ. ಎಡದಿಂದ ಒಂದು, ಬಲದಿಂದ ಒಂದು, ಮೇಲಿನಿಂದ ಒಂದು ಹೀಗೆ ಮೂರು ಫೋಟೊ ತೆಗೆಯಿರಿ. ಒಂದರಲ್ಲಿ ಕಾಣದ ಅಕ್ಷರ ಇನ್ನೊಂದರಲ್ಲಿ ಸಿಗುತ್ತದೆ.

ಅಕ್ಷರ ಕಾಣಲಿ ಎಂದು ಸೀಮೆಸುಣ್ಣ ಬಳಿಯಬೇಡಿ. ಹಿಟ್ಟು, ಎಣ್ಣೆ, ಅರಿಶಿನ ಯಾವುದೂ ಬೇಡ. ತಂತಿ ಬ್ರಶ್ಶು ಮುಟ್ಟಲೇಬೇಡಿ. ಒಂದು ಊರಿನಲ್ಲಿ ಜೀರ್ಣೋದ್ಧಾರದ ಹೊತ್ತಿಗೆ ಶಾಸನದ ಕಲ್ಲಿಗೆ ದಪ್ಪ ಬಣ್ಣ ಹಚ್ಚಿದ್ದನ್ನು ನೋಡಿದೆ. ಹೊಳೆಯುತ್ತಿತ್ತು. ಕೈಯಿಂದ ಸವರಿದರೆ ಅಕ್ಷರದ ತಗ್ಗು ಸಿಗಲಿಲ್ಲ. ಆ ಹೊತ್ತು ಆದ ನೋವು ಇನ್ನೂ ಇದೆ. ಐದಾರು ನೂರು ವರ್ಷದ ಮಳೆ ಮಾಡದ ಕೆಲಸವನ್ನು ಒಂದು ಡಬ್ಬಿ ಬಣ್ಣ ಮಾಡಿತ್ತು.

ಈಗ ಓದು. ವಿಜಯನಗರ ಕಾಲದ ಅಕ್ಷರಗಳು ಇಂದಿನ ಕನ್ನಡಕ್ಕೆ ಹತ್ತಿರ. ಅರ್ಧ ಗಂಟೆ ತಾಳ್ಮೆ ಇದ್ದರೆ ಅರ್ಧದಷ್ಟು ಅಕ್ಷರ ಗುರುತು ಸಿಗುತ್ತದೆ. ಮೂರು ವಿಷಯ ಗೊತ್ತಿದ್ದರೆ ಸಲೀಸು. ಪದಗಳ ನಡುವೆ ಜಾಗ ಬಿಟ್ಟಿರುವುದಿಲ್ಲ. ಎ ಮತ್ತು ಏ, ಒ ಮತ್ತು ಓ ನಡುವೆ ವ್ಯತ್ಯಾಸ ತೋರಿಸಿರುವುದಿಲ್ಲ, ನಾವೇ ಊಹಿಸಬೇಕು. ಈಗ ನಾವು ಬಿಟ್ಟ ಱ ಅಲ್ಲಲ್ಲಿ ಬರಬಹುದು.

ಶುರು ಹೆಚ್ಚಾಗಿ "ಸ್ವಸ್ತಿ ಶ್ರೀ" ಅಥವಾ "ನಮಸ್ತುಂಗ ಶಿರಶ್ಚುಂಬಿ" ಎಂಬ ಶ್ಲೋಕ. ನಂತರ ಶಕ ವರ್ಷ, ಸಂವತ್ಸರ, ತಿಂಗಳು, ತಿಥಿ. ಶಕ ವರ್ಷಕ್ಕೆ 78 ಸೇರಿಸಿ. ಶಕ 1300 ಎಂದಿದ್ದರೆ 1378. ತಿಂಗಳು ಪುಷ್ಯ, ಮಾಘ, ಫಾಲ್ಗುಣ ಆದರೆ 79 ಸೇರಿಸಬೇಕಾಗಬಹುದು. ನಂತರ ರಾಜನ ಹೆಸರು, ಬಿರುದು. ಅದಾದ ಮೇಲೆ ವಿಜಯನಗರದ ಬಾರಕೂರು ರಾಜ್ಯವನ್ನು, ಅಂದರೆ ಈ ಸೀಮೆಯನ್ನು, ಆಗ ನೋಡಿಕೊಳ್ಳುತ್ತಿದ್ದ ಅಧಿಕಾರಿಯ ಹೆಸರು. ಇಲ್ಲಿಯವರೆಗೆ ಎಲ್ಲ ಶಾಸನವೂ ಒಂದೇ ತರಹ.

ನಮಗೆ ಬೇಕಾದ್ದು ಇದರ ಮುಂದಿನ ಭಾಗ. ಯಾರು, ಯಾರಿಗೆ, ಎಷ್ಟು ಕೊಟ್ಟರು? ಇಲ್ಲಿ ಕಣ್ಣಿಟ್ಟು ಹುಡುಕಬೇಕಾದ ಪದಗಳು: ಸೆಟ್ಟಿ, ನಖರ, ಹಲರು, ಹಂಜಮಾನ, ಕೇರಿ, ಗದ್ಯಾಣ, ಮೂಡೆ, ಹಾನೆ. ಗದ್ಯಾಣ ಹಣ. ಬಾರಕೂರು ಗದ್ಯಾಣ, ಮಂಗಳೂರು ಗದ್ಯಾಣ ಎಂದು ಬೇರೆ ಬೇರೆ ಹೆಸರಿಸಿದ್ದಾರೆ, ಆಯಾ ಊರಿನ ಟಂಕಸಾಲೆಯ ಗುರುತು. ಮೂಡೆ, ಹಾನೆ ಧಾನ್ಯದ ಅಳತೆಗಳು. ಮೂಡೆ ಎಂದರೆ ಈಗಿನ ಮುಡಿ. "ಅಕ್ಕಿ ಮೂಡೆ" ಎಂಬ ಎರಡು ಪದ ನೀವೇ ಓದಿಕೊಂಡ ಗಳಿಗೆ ಇದೆಯಲ್ಲ, ಅದಕ್ಕಾಗಿಯೇ ಈ ಊರಿಗೆ ಬರಬೇಕು. ಹುಲ್ಲಿನಲ್ಲಿ ಬಿಗಿದು ಗುಂಡಗೆ ಕಟ್ಟಿದ ಅಕ್ಕಿ ಮುಡಿ ಈಗಲೂ ಕರಾವಳಿಯ ಕೆಲವು ಮನೆಗಳಲ್ಲಿದೆ. ಕಲ್ಲಿನಲ್ಲಿ ಓದಿದ್ದನ್ನು ಅಟ್ಟದ ಮೇಲೆ ನೋಡಬಹುದು.

ಕೊನೆಯಲ್ಲಿ ಶಾಪ. ಈ ಧರ್ಮವನ್ನು ಕೆಡಿಸಿದವರಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಎಂಬರ್ಥದ ಮಾತು. ಕವಿಲೆ ಎಂದರೆ ಹಸು.

ಪೂರ್ತಿ ಓದಲಾಗದಿದ್ದರೆ ಬೇಸರ ಬೇಡ. ಭಾರತೀಯ ಪುರಾತತ್ವ ಇಲಾಖೆ ಪ್ರಕಟಿಸಿದ ದಕ್ಷಿಣ ಭಾರತದ ಶಾಸನ ಸಂಪುಟಗಳಲ್ಲಿ ಈ ಎರಡೂ ಊರಿನ ಎಷ್ಟೋ ಶಾಸನಗಳ ಪಾಠ ಕನ್ನಡ ಲಿಪಿಯಲ್ಲೇ ಇದೆ. ಏಳನೇ ಸಂಪುಟದಿಂದ ಶುರುಮಾಡಿ. ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಹೋಗುವ ಮೊದಲೇ ಇಳಿಸಿಕೊಂಡರೆ ಕಲ್ಲಿನ ಎದುರು ನಿಂತು ಹೋಲಿಸಬಹುದು.

ಮಧ್ಯಾಹ್ನದ ಮೇಲೆ ಅಳಿವೆಗೆ

ಊಟಕ್ಕೆ ಕುಂದಾಪುರಕ್ಕೆ ಹೋಗಿ. ಕುಚ್ಚಲಕ್ಕಿ ಅನ್ನ, ಮೀನು ಸಾರು ಇರುವ ಸಾದಾ ಹೋಟೆಲು ಹುಡುಕಿ. ಬೆಳಿಗ್ಗೆಯಿಂದ ಅಕ್ಕಿಯ ಕಥೆ ಕೇಳಿದ ಮೇಲೆ ಆ ಊಟದ ರುಚಿ ಬೇರೆ.

ಪೇಟೆಯಲ್ಲಿ ರೋಸರಿ ಮಾತೆಯ ಚರ್ಚು ಇದೆ. ಇದರ ಶುರು 1570, ಅಂದರೆ ಪೋರ್ಚುಗೀಸರು ಬಂದ ಮರುವರ್ಷ. ಈಗಿನ ಕಟ್ಟಡ ನಂತರದ್ದು. ಆದರೂ "ಕೆಳಗಿನ ಬಾರ್ಸೆಲೋರ್" ಎಂದರೆ ಯಾವ ಸುತ್ತಮುತ್ತ ಎಂದು ನೆಲದ ಮೇಲೆ ನಿಂತು ತಿಳಿಯಲು ಇದು ಒಳ್ಳೆಯ ಗುರುತು.

ಸಂಜೆ ನಾಲ್ಕೂವರೆಗೆ ಕೋಡಿಗೆ ಹೋಗಿ. ಕಡಲಿಗೆ ಚಾಚಿದ ಕಲ್ಲಿನ ಒಡ್ಡಿನ ಮೇಲೆ ನಡೆದರೆ ಎದುರಿಗೆ ಗಂಗೊಳ್ಳಿ, ನಡುವೆ ಅಳಿವೆ. ಮೀನುಗಾರಿಕೆ ದೋಣಿಗಳು ಒಳಗೆ ಬರುವುದನ್ನು ನೋಡಿ. ನೇರವಾಗಿ ಬರುವುದಿಲ್ಲ, ಹೊಯ್ಗೆ ದಿಬ್ಬ ತಪ್ಪಿಸಿ ಬಳಸಿ ಬರುತ್ತವೆ. ಈ ಬಾಯಲ್ಲಿ ಕೋಟೆ ಕಟ್ಟಿ ಕೂತವನಿಗೆ ಒಳಗಿನ ಊರಿನ ಕುತ್ತಿಗೆ ಸಿಕ್ಕ ಹಾಗೆ. ಬೆಳಿಗ್ಗೆ ಮೇಲಿನ ಊರು ನೋಡಿ ಸಂಜೆ ಇಲ್ಲಿ ನಿಂತರೆ 1569 ಯಾಕೆ ಅಷ್ಟು ದೊಡ್ಡ ಪೆಟ್ಟು ಎಂದು ಪುಸ್ತಕ ಬೇಕಿಲ್ಲದೆ ಅರ್ಥ ಆಗುತ್ತದೆ. ಅಲೆ ಜೋರಿದ್ದ ದಿನ ಒಡ್ಡಿನ ತುದಿಗೆ ಹೋಗಬೇಡಿ.

ಎರಡನೇ ದಿನ ಬಾರ್ಕೂರು

ಸಮಯ ಇದ್ದರೆ ಬಿಡಬೇಡಿ. ಉಡುಪಿ ಕಡೆ ವಾಪಸ್ ಹೋಗುತ್ತಾ ಬ್ರಹ್ಮಾವರದಲ್ಲಿ ಹೆದ್ದಾರಿ ಬಿಟ್ಟು ಒಳಗೆ ಹೋದರೆ ಬಾರ್ಕೂರು. ಕೊಂಕಣ ರೈಲ್ವೆಯ ನಿಲ್ದಾಣವೂ ಇದೆ. ಇದು ಅಳುಪರ ರಾಜಧಾನಿ, ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯದ ಕೇಂದ್ರ. 13ನೇ ಶತಮಾನದ ಕೊನೆಯಲ್ಲಿ ಬಲ್ಲಮಹಾದೇವಿ ಎಂಬ ರಾಣಿ ಆಳಿದ ಊರು.

ಇಬ್ನ್ ಬತೂತನಿಗೆ ಇದು ಫಾಕನೂರ್. ಇಲ್ಲಿ ಒಳ್ಳೆಯ ಕಬ್ಬು ಬೆಳೆಯುತ್ತದೆ ಎಂದ. ಇಲ್ಲಿನ ಹಿಂದೂ ಅರಸನಿಗೆ ಸುಮಾರು 30 ಯುದ್ಧ ಹಡಗುಗಳಿದ್ದವು, ಅವುಗಳ ನಾಯಕ ಲೂಲಾ ಎಂಬ ಮುಸ್ಲಿಂ ಎಂದೂ ಬರೆದ. ದಾಟಿ ಹೋಗುವ ಹಡಗು ನಿಂತು ಕಾಣಿಕೆ ಕೊಡಬೇಕು. ಕೊಡದೆ ಹೋದರೆ ಬೆನ್ನಟ್ಟಿ ಬಂದರಿಗೆ ಎಳೆತಂದು ಎರಡು ಪಟ್ಟು ಸುಂಕ ವಸೂಲಿ. ಆ ಹಡಗುಗಳು ನಿಂತದ್ದು ಸೀತಾ ಹೊಳೆಯ ಕಡೆ. ಇಂದು ಬಾರ್ಕೂರಿನ ಕೇರಿಗಳಲ್ಲಿ ನಡೆದರೆ ಅದನ್ನು ನಂಬುವುದೇ ಕಷ್ಟ, ಅಷ್ಟು ನಿಶ್ಶಬ್ದ.

ಕೇರಿಗಳನ್ನೇ ದಾರಿಯಾಗಿ ಹಿಡಿಯಿರಿ: ಮೂಡುಕೇರಿ, ಚೌಳಿಕೇರಿ, ಮಣಿಗಾರಕೇರಿ, ಕೋಟೆಕೇರಿ. ಕತ್ತಲೆ ಬಸದಿಗೆ ಬೆಳಿಗ್ಗೆಯೇ ಹೋಗಿ. ತಗ್ಗಾದ ಕಲ್ಲು ಚಪ್ಪಡಿಯ ಮಾಡು, ಒಳಗೆ ಹೆಸರಿಗೆ ತಕ್ಕ ಕತ್ತಲೆ, ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ಕೊಡಿ. ಕೋಟೆಕೇರಿಯಲ್ಲಿ ಪಂಚಲಿಂಗೇಶ್ವರ ದೇವಸ್ಥಾನ, ಹಳೆಯ ಕೋಟೆಯ ಉಳಿಕೆ ಇವೆ. ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನ ಕಟ್ಟು ಶುರುವಾದದ್ದು ಇಲ್ಲಿ ಎಂದು ಭೂತಾಳಪಾಂಡ್ಯನ ಕಥೆ ಹೇಳುವವರು ಸಿಗುತ್ತಾರೆ. ಹಡಗಿಗೆ ಬಲಿ ಕೇಳಿದ ಕುಂಡೋದರ ಭೂತದ ಕಥೆ ಅದು. ಚರಿತ್ರೆ ಎಂದು ತೆಗೆದುಕೊಳ್ಳಬೇಡಿ, ಆದರೆ ಪೂರ್ತಿ ಕೇಳಿ. ಅಳಿಯಸಂತಾನದ ಕಥೆಯಲ್ಲೂ ಒಂದು ಹಡಗು ಬಂದಿದೆ ನೋಡಿ. ಸಂಜೆಗೆ ಸೀತಾ, ಸುವರ್ಣಾ ಹೊಳೆಗಳ ಕಡೆಯ ಹಂಗಾರಕಟ್ಟೆಗೆ ಹೋದರೆ ದೋಣಿ ಕಟ್ಟುವ ಕೆಲಸ ಕಾಣಬಹುದು.

ಮನೆಗೆ ಬಂದ ಮೇಲೆ

ಫೋಟೊಗಳನ್ನು ಅದೇ ವಾರ ವಿಂಗಡಿಸಿ. ಪ್ರತಿಯೊಂದಕ್ಕೂ ಊರು, ಕೇರಿ, ದೇವಸ್ಥಾನ, ಕಲ್ಲು ನಿಂತ ದಿಕ್ಕು, ತಾರೀಕು ಬರೆಯಿರಿ. ಶಾಸನದ ಸಾಲುಗಳನ್ನು ಮುದ್ರಿತ ಪಾಠದ ಜೊತೆ ಹೋಲಿಸಿ. ಎಲ್ಲಿಯೂ ಸಿಗದ ಕಲ್ಲು ಕಂಡಿದ್ದರೆ ಗ್ರಾಮ ಪಂಚಾಯಿತಿಗೂ ರಾಜ್ಯದ ಪುರಾತತ್ವ ಇಲಾಖೆಗೂ ಫೋಟೊ ಸಮೇತ ತಿಳಿಸಿ. ಕಲ್ಲನ್ನು ಎತ್ತಿ "ಸುರಕ್ಷಿತ" ಜಾಗಕ್ಕೆ ಸಾಗಿಸಲು ಯಾರಾದರೂ ಹೊರಟರೆ ಸ್ವಲ್ಪ ತಡೆಯಲು ಹೇಳಿ, ಮೊದಲು ತಿಳಿದವರು ಬಂದು ನೋಡಲಿ.

ನಿಮಗೆ ದಾರಿ ತೋರಿಸಿದ ಮನೆಯವರಿಗೆ, ಅಂಗಡಿಯವರಿಗೆ ಒಂದೊಂದು ಫೋಟೊ ಕಳಿಸಿ, ಕಲ್ಲಿನ ಮೇಲೆ ನೀವು ಓದಿದ ಎರಡು ಸಾಲನ್ನೂ ಬರೆದು ಕಳಿಸಿ. ನಾನು ಹಾಗೆ ಕಳಿಸಿದಾಗ ಮರುದಿನ ಒಂದು ಉತ್ತರ ಬಂತು: ನಮ್ಮ ಹಿತ್ತಲಲ್ಲೂ ಹೀಗೊಂದು ಕಲ್ಲು ಇತ್ತ್, ಮುಂದಿನ ಸಲ ಬಂದಾಗ ಕಾಣಿ.